ನಿಂತ ಮೋಟಾರಿನ ನಡುಕ

ಓಡುವಾಗ ಯಾವ ತೊಂದರೆಯನ್ನೂ ಕೊಡದ ಮೋಟಾರು ಗಾಡಿ ನಿಂತೊಡನೆ ನಡುಗತೊಡಗುವುದು ಪಟ್ಟಣವಾಸಿಗಳಲ್ಲಿ ಅನೇಕರಿಗೆ ಪರಿಚಿತವಾದ ಅನುಭವ. ರಸ್ತೆಗಳು ಕೂಡುವೆಡೆಯಲ್ಲಿ ಕೆಂಪು ದೀಪ ಹತ್ತಿದೆ, ಗಾಡಿ ನಿಂತಿದೆ, ಗೇರು ನ್ಯೂಟ್ರಲ್ಲಿನಲ್ಲಿದೆ. ಆದರೂ ಸ್ಟಿಯರಿಂಗ್ ಚಕ್ರವನ್ನು ಹಿಡಿದ ಕೈ ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತದೆ, ಪಕ್ಕದಲ್ಲಿ ಕುಳಿತವರು ಏನೆಂದು ಕೇಳುತ್ತಾರೆ. ದೀಪ ಹಸುರಾಗಿ ಗಾಡಿ ಹೊರಟಿತೆಂದರೆ ನಡುಕವೂ ಇಲ್ಲ, ಪ್ರಶ್ನೆಯೂ ಇಲ್ಲ. ಹೀಗೆ ತಾನಾಗಿ ಅಡಗುವ ವ್ಯಾಧಿಯಾದುದರಿಂದಲೇ ಜನ ಇದನ್ನು ತಿಂಗಳುಗಟ್ಟಲೆ ಉಪೇಕ್ಷಿಸುವುದುಂಟು.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಗೊತ್ತುಮಾಡುವುದಕ್ಕೆ ನಿದಾನವೆಂದು ಹೆಸರು, ಚಿಕಿತ್ಸೆ ಆಮೇಲಿನದು. ಮೋಟಾರಿನ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿರುವುದನ್ನು ನಾವು ಆಗಾಗ ಕಾಣುತ್ತೇವೆ. ಮೊದಲು ಪ್ಲಗ್ಗು ಬದಲಾಯಿಸುವುದು, ಅದರಿಂದ ಗುಣ ಕಾಣದಿದ್ದರೆ ಕಾಯಿಲು, ಅದೂ ಸಾಲದಿದ್ದರೆ ಇಂಜಿನ್ ಮೌಂಟು. ಕೊನೆಗೆ ಯಾವುದೋ ಒಂದರಿಂದ ನಡುಕ ನಿಂತರೆ ಅದೇ ಕಾರಣವಾಗಿತ್ತೆಂದು ತಿಳಿಯುವುದು. ಶ್ರೋತೃಗಳನ್ನು ಮೆಕ್ಯಾನಿಕ್ಕುಗಳನ್ನಾಗಿ ಮಾಡುವುದು ಈ ಭಾಷಣದ ಉದ್ದೇಶವಲ್ಲ. ಗಾಡಿಯನ್ನು ವರ್ಕ್‌ಷಾಪಿಗೆ ಒಯ್ಯುವವನು ತಾನು ಕಂಡುದನ್ನು ಸ್ಪಷ್ಟವಾಗಿ ಹೇಳಲೂ, ಅಲ್ಲಿ ಹೇಳಿದುದನ್ನು ವಿವೇಚಿಸಿ ಕೇಳಲೂ ಸಮರ್ಥನಾಗಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.

ಮೊದಲು ವಿಷಯಕ್ಕೊಂದು ಎಲ್ಲೆಯನ್ನು ಹಾಕಿಕೊಳ್ಳೋಣ. ಗಂಟೆಗೆ ೮೦ ಅಥವಾ ೯೦ ಕಿಲೋಮೀಟರು ವೇಗದಲ್ಲಿ ಮಾತ್ರ ಕಾಣಿಸುವ ಅದುರುವಿಕೆ ಬಹುಮಟ್ಟಿಗೆ ಚಕ್ರ, ಟೈರುಗಳಿಗೆ ಸೇರಿದುದು. ಅದು ಬೇರೆ ಅಧ್ಯಾಯ. ಡೀಸೆಲ್ ಇಂಜಿನಿನ ಸ್ವಭಾವವೂ ಬೇರೆ. ನಾವೀಗ ನೋಡುವುದು ನಿಂತ ಪೆಟ್ರೋಲು ಗಾಡಿಯನ್ನು ಮಾತ್ರ.

ಇಂಜಿನು ಏಕಪ್ರಕಾರವಾಗಿ ತಿರುಗುವಂತೆ ತೋರಿದರೂ ನಿಜವಾಗಿ ಅದು ಹೊಡೆತ ಹೊಡೆತವಾಗಿ ನಡೆಯುವ ಯಂತ್ರ. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಈ ತಳ್ಳುಗಳ ನಡುವಣ ತೆರಪನ್ನು ತುಂಬುವುದು ಫ್ಲೈವೀಲೆಂಬ ಭಾರವಾದ ಚಕ್ರ. ಅದರಲ್ಲಿ ಅಡಗಿರುವ ಶಕ್ತಿ ವೇಗದ ವರ್ಗಕ್ಕೆ ಅನುಸಾರವಾಗಿರುವುದರಿಂದ, ನಿಮಿಷಕ್ಕೆ ೨೪೦೦ ಸುತ್ತು ತಿರುಗುವಾಗ ಇದ್ದ ಶಕ್ತಿಯಲ್ಲಿ ಒಂಬತ್ತರಲ್ಲೊಂದು ಪಾಲು ಮಾತ್ರ ೮೦೦ ಸುತ್ತಿಗೆ ಇಳಿದಾಗ ಉಳಿಯುತ್ತದೆ. ನಿಂತ ಗಾಡಿಯ ಇಂಜಿನು ಸಾಮಾನ್ಯವಾಗಿ ತಿರುಗುವುದು ೭೦೦ರಿಂದ ೯೦೦ ಸುತ್ತಿನಲ್ಲಿ. ಬಡತನದಲ್ಲಿ ಸಣ್ಣ ಖರ್ಚೂ ದೊಡ್ಡದಾಗುವಂತೆ, ಓಡುವಾಗ ಮರೆಯಾಗುವ ಅಲ್ಪ ದೋಷ ನಿಂತಾಗ ಮೈದೋರುತ್ತದೆ.

ಇಲ್ಲಿಂದಲೇ ನಿದಾನದ ಮೊದಲ ಸೂತ್ರ ಸಿಕ್ಕುವುದು. ನಾಲ್ಕು ಸಿಲಿಂಡರಿನ ಇಂಜಿನು ೮೦೦ ಸುತ್ತಿನಲ್ಲಿ ನಿಮಿಷಕ್ಕೆ ೧೬೦೦ ಹೊಡೆತ, ಎಂದರೆ ಸೆಕೆಂಡಿಗೆ ಸುಮಾರು ೨೭ ಹೊಡೆತಗಳನ್ನು ಹೊಡೆಯುತ್ತದೆ. ಇಂಜಿನು ಆರೋಗ್ಯವಾಗಿದ್ದು ಅದರ ಹೊಡೆತಗಳು ಗಾಡಿಯ ಮೈಗೆ ಸೋರಿಬರುತ್ತಿದ್ದರೆ ನಮಗೆ ತೋರುವುದು ಎಣಿಸಲಾಗದಷ್ಟು ಸೂಕ್ಷ್ಮವಾದ ಒಂದು ಝೇಂಕಾರ: ತಂಬೂರಿಯ ಬುರುಡೆಯ ಮೇಲೆ ಕೈಯಿಟ್ಟಂತೆ. ಇದಕ್ಕೆ ಪ್ರತಿಯಾಗಿ, ನಾಲ್ಕರಲ್ಲಿ ಒಂದು ಸಿಲಿಂಡರು ಕೆಲಸ ಮಾಡದೆ ಹೋದರೆ ಸೆಕೆಂಡಿಗೆ ಆರೇಳು ಬಾರಿ ಒಂದು ಹೊಡೆತ ತಪ್ಪುತ್ತದೆ. ಆಗ ಕುಳಿತ ಆಸನವೇ ಕುಲುಕುತ್ತದೆ. ಗಮನವಿಟ್ಟರೆ ತಾಳವನ್ನು ಹೆಚ್ಚುಕಡಿಮೆ ಹಿಡಿಯಬಹುದು. ಅದಕ್ಕಿಂತಲೂ ಅನಿಯತವಾಗಿ, ಒಮ್ಮೆ ಕುಲುಕಿ ಒಮ್ಮೆ ಸುಮ್ಮನಾಗುವುದಾದರೆ, ದೋಷ ಒಂದೇ ಸಿಲಿಂಡರಿನದಾಗಿರದೆ ಎಲ್ಲಕ್ಕೂ ಸಮಾನವಾದ ಗಾಳಿಯಲ್ಲಿಯೋ ಪೆಟ್ರೋಲಿನಲ್ಲಿಯೋ ಇರುವ ಸಂಭವ ಹೆಚ್ಚು. ಬಾನೆಟ್ಟನ್ನು ತೆರೆಯುವ ಮೊದಲೇ ಕೈಗೂ ಬೆನ್ನಿಗೂ ಇಷ್ಟು ತಿಳಿಯುತ್ತದೆ. ಆದರೆ ಗಾಡಿಯ ಒಡೆಯನನ್ನು ಈ ಪ್ರಶ್ನೆಯನ್ನು ಕೇಳುವವರೇ ಅಪೂರ್ವ.

ಒಂದು ಎಚ್ಚರಿಕೆಯ ಮಾತು. ಮೂರು ಸಿಲಿಂಡರಿನ ಇಂಜಿನುಗಳಿಗೆ ಹುಟ್ಟಿನಿಂದಲೇ ಸ್ವಲ್ಪ ತೂಗಾಟವುಂಟು. ೧೯೮೩ರಲ್ಲಿ ಬಂದ ಮಾರುತಿ ೮೦೦ ಅಂಥದು. ಈಚಿನ ಸಣ್ಣ ಕಾರುಗಳಲ್ಲಿಯೂ ಅನೇಕಕ್ಕೆ ಮೂರೇ ಸಿಲಿಂಡರು. ಪಿಸ್ಟನ್ನುಗಳ ಎಳೆತ ಒಟ್ಟಿನಲ್ಲಿ ಸಮನಾದರೂ ಇಂಜಿನಿನ ಎರಡು ತುದಿಗಳು ಏತದ ಮರದಂತೆ ಏರಿಳಿಯುವುದನ್ನು ಪೂರ್ತಿಯಾಗಿ ಅಡಗಿಸುವುದು ಕಷ್ಟ. ನಾಲ್ಕು ಸಿಲಿಂಡರಿನ ಗಾಡಿಯಿಂದ ಮೂರಕ್ಕೆ ಬಂದವರು ಸ್ವಭಾವವನ್ನೇ ರೋಗವೆಂದು ಭ್ರಮಿಸಿ ಹಣ ಕಳೆಯುವುದುಂಟು. ಅದೇ ಮಾದರಿಯ ಇನ್ನೊಂದು ಗಾಡಿಯಲ್ಲಿ ಐದು ನಿಮಿಷ ಕುಳಿತು ನೋಡಿದರೆ ಈ ಸಂಶಯ ಹರಿಯುತ್ತದೆ.

ನಡುಕ ಸೂಕ್ಷ್ಮವಾದುದಾದರೆ ಮೊದಲು ನೋಡತಕ್ಕುದು ಇಂಜಿನ್ ಮೌಂಟುಗಳನ್ನು. ಇವು ಇಂಜಿನಿಗೂ ಗಾಡಿಯ ಮೈಗೂ ನಡುವೆ ಇರುವ ರಬ್ಬರಿನ ದಿಂಬುಗಳು. ಕೆಲವದರೊಳಗೆ ದ್ರವವೂ ಇರುತ್ತದೆ. ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಮೇಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬೇಗನೆ ಕೊಳೆಯುತ್ತದೆ. ಆಗ ಬಾನೆಟ್ಟು ತೆರೆದು ನೋಡಿದರೆ ಇಂಜಿನು ಸಮವಾಗಿ ನಡೆಯುತ್ತಿರುತ್ತದೆ, ನಡುಗುವುದು ಗಾಡಿಯ ಮೈ. ಆಟೋಮ್ಯಾಟಿಕ್ ಗಾಡಿಯಲ್ಲಿ ಬ್ರೇಕನ್ನು ಒತ್ತಿ ಗೇರಿನಲ್ಲಿಟ್ಟಾಗ ನಡುಕ ಹೆಚ್ಚಿ, ನ್ಯೂಟ್ರಲ್ಲಿಗೆ ತಂದಾಗ ಕಡಮೆಯಾಗುವುದೂ ಇದರ ಒಂದು ಲಕ್ಷಣ. ನಡುಕ ರೇಡಿಯೇಟರಿನ ಫ್ಯಾನಿನೊಡನೆ ಬಂದು ಫ್ಯಾನಿನೊಡನೆ ಹೋಗುವುದಾದರೆ ಮೌಂಟನ್ನು ಬಿಟ್ಟು ಫ್ಯಾನಿನ ರೆಕ್ಕೆಗಳನ್ನು ನೋಡಬೇಕು. ಬಾನೆಟ್ಟಿನ ಮುಂದೆ ಬಗ್ಗುವವರು ಉತ್ತರೀಯ, ಸೆರಗುಗಳನ್ನು ಬಿಗಿದುಕೊಳ್ಳುವುದು ಅವಶ್ಯಕ. ಈ ಫ್ಯಾನು ಮುನ್ಸೂಚನೆಯಿಲ್ಲದೆ ತಿರುಗತೊಡಗುತ್ತದೆ.

ಇನ್ನು ಕುಲುಕು. ಇದಕ್ಕೆ ವರ್ಕ್‌ಷಾಪಿನ ಭಾಷೆಯಲ್ಲಿ ಮಿಸ್ಸಿಂಗ್ ಎಂದು ಹೆಸರು. ಸೈಲೆನ್ಸರಿನ ಬಾಯಿಯ ಬಳಿ ನಿಂತು ಕೇಳಿದರೆ ಉಸಿರು ನಡುವೆ ಕಡಿದಂತೆ ತೋರುತ್ತದೆ. ಇದನ್ನು ಬಯಲಿನಲ್ಲಿ ಮಾಡಬೇಕೇ ಹೊರತು ಮುಚ್ಚಿದ ಷೆಡ್ಡಿನಲ್ಲಿ ಎಂದಿಗೂ ಅಲ್ಲ, ಆ ಹೊಗೆಯಲ್ಲಿ ಪ್ರಾಣಾಂತಕವಾದ ವಿಷವಾಯುವಿದೆ. ಸಿಲಿಂಡರಿಗೆ ಬೇಕಾದುದು ಮೂರೇ: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಸಕಾಲದ ಕಿಡಿ, ಚೆನ್ನಾದ ಒತ್ತಡ. ಹಿಂದಿನ ಮೇಸ್ತ್ರಿಗಳು ಇಂಜಿನು ನಡೆಯುತ್ತಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತರೆ ನಡೆಯಲ್ಲಿ ವ್ಯತ್ಯಾಸವಾಗಲಿಲ್ಲವೋ ಅದೇ ಸತ್ತ ಸಿಲಿಂಡರೆಂದು ನಿರ್ಣಯಿಸುತ್ತಿದ್ದರು. ಸೊಗಸಾದ ತರ್ಕ. ಆದರೆ ಇಂದಿನ ಗಾಡಿಗಳಲ್ಲಿ ಹಾಗೆ ಮಾಡಲಾಗದು: ಕಿಡಿಯ ವಿದ್ಯುತ್ತಿನ ಒತ್ತಡ ಹತ್ತಾರು ಸಾವಿರ ವೋಲ್ಟು, ಮೇಲಾಗಿ ಉರಿಯದ ಪೆಟ್ರೋಲು ಹೊಗೆಕೊಳವೆಯನ್ನು ಸೇರಿ ಅಲ್ಲಿ ಅನರ್ಥವನ್ನುಂಟುಮಾಡುತ್ತದೆ.

ಅದೇ ತರ್ಕವನ್ನು ಈಗ ಬೇರೆ ರೀತಿಯಲ್ಲಿ ನಡೆಸುತ್ತಾರೆ. ಗಾಡಿಯ ಕಂಪ್ಯೂಟರು ತಪ್ಪಿದ ಹೊಡೆತಗಳನ್ನು ಎಣಿಸಿ ಸಂಕೇತವಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಟಿಯರಿಂಗಿನ ಕೆಳಗಡೆ ಇರುವ ೧೬ ಸೂಜಿಗಳ ಕೂಡುಗೆಗೆ ಸ್ಕ್ಯಾನರನ್ನು ಹಚ್ಚಿದರೆ ಅದು ಓದಿಗೆ ಸಿಕ್ಕುತ್ತದೆ. ಪಿ ೦೩೦೨ ಎಂದರೆ ಎರಡನೆಯ ಸಿಲಿಂಡರು, ಪಿ ೦೩೦೩ ಎಂದರೆ ಮೂರನೆಯದು, ಪಿ ೦೩೦೦ ಎಂದರೆ ಇಂಥದೇ ಎಂದು ಗೊತ್ತಾಗದ ತಪ್ಪು. ಆದರೆ ಸಂಕೇತ ಸ್ಥಳವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಎರಡನೆಯ ಸಿಲಿಂಡರಿನ ಕಾಯಿಲನ್ನು, ಇಂಜಿನನ್ನು ನಿಲ್ಲಿಸಿ, ಮೂರನೆಯದಕ್ಕೆ ಹಾಕಿ, ಅದರದನ್ನು ಇದಕ್ಕೆ ಹಾಕಿ ನೋಡಬೇಕು. ದೋಷ ಮೂರಕ್ಕೆ ಹೋದರೆ ಕಾಯಿಲು ಕೆಟ್ಟಿದೆ. ಎರಡರಲ್ಲಿಯೇ ಉಳಿದರೆ ಕಾಯಿಲು ನಿರಪರಾಧಿ. ಅನಂತರ ಪ್ಲಗ್ಗನ್ನು ಹಾಗೆಯೇ ಬದಲಿಸಿ ನೋಡುವುದು. ಇದಕ್ಕೆ ಹೊಸ ಸಾಮಾನು ಬೇಡ, ಕಾಸಿನ ಖರ್ಚಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ತಾಳ್ಮೆ ಮಾತ್ರ ಬೇಕು.

ತೆಗೆದ ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ನೋಡಿ. ತಿಳಿಗಂದು ಬಣ್ಣ ಆರೋಗ್ಯದ ಗುರುತು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಅಥವಾ ಕಿಡಿ ದುರ್ಬಲ; ಎಣ್ಣೆಯಿಂದ ತೊಯ್ದಿದ್ದರೆ ದೋಷ ಇಂಜಿನಿನ ಒಳಗಿದೆ; ಬಿಳುಪಾಗಿ ಸುಟ್ಟಂತಿದ್ದರೆ ಪೆಟ್ರೋಲು ಸಾಲದು ಅಥವಾ ಗಾಳಿ ಹೆಚ್ಚು.

ಈ ಗಾಳಿಯ ವಿಷಯ ಸ್ವಲ್ಪ ವಿವರಿಸತಕ್ಕುದು. ನಿಂತ ಗಾಡಿಯ ಇಂಜಿನು ಎಳೆದುಕೊಳ್ಳುವ ಗಾಳಿ ಬಹು ಕಡಮೆ. ಆಕ್ಸಿಲರೇಟರಿನ ಕವಾಟ ಬಹುಮಟ್ಟಿಗೆ ಮುಚ್ಚಿಕೊಂಡು, ಅದರ ಹಿಂದೆ ಬಲವಾದ ನಿರ್ವಾತವೇರ್ಪಡುತ್ತದೆ. ಅಲ್ಲಿ ಯಾವುದಾದರೊಂದು ರಬ್ಬರು ಕೊಳವೆ ಬಿರಿದಿದ್ದರೆ, ಲೆಕ್ಕಕ್ಕೆ ಸಿಕ್ಕದ ಗಾಳಿ ಸುಯ್ಯೆಂದು ಒಳನುಗ್ಗಿ ಪೆಟ್ರೋಲಿನ ಹದವನ್ನು ಕೆಡಿಸುತ್ತದೆ. ಆಕ್ಸಿಲರೇಟರನ್ನು ಒತ್ತಿದರೆ ಒಳಬರುವ ಒಟ್ಟು ಗಾಳಿ ಹೆಚ್ಚಿ, ಸೋರುವ ಪಾಲು ಅಲ್ಪವಾಗಿ, ನಡುಕ ಮಾಯವಾಗುತ್ತದೆ. ಕೆಲವು ಗಾಡಿಗಳು ನಡುಗುವ ಬದಲು ತಾವಾಗಿಯೇ ವೇಗವೇರಿಸುವುದೂ ಉಂಟು. ನಮ್ಮ ಊರುಗಳಲ್ಲಿ ಕೊಳವೆ ಬಿರಿಯುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಎರಡು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಇಂಜಿನಿನ ಬೆಚ್ಚನೆಯ ಮರೆಯಲ್ಲಿ ಸಂಸಾರ ಹೂಡಿದ ಇಲಿಗಳು ಕೊಳವೆಯನ್ನೂ ತಂತಿಯನ್ನೂ ಸಮದೃಷ್ಟಿಯಿಂದ ಕಡಿದಿರುತ್ತವೆ. ಕವಾಟದ ಸುತ್ತ ಮಸಿ ಕಟ್ಟಿ ಗಾಳಿ ಸಾಲದೆ ನಡುಗುವುದೂ ಸಾಮಾನ್ಯ. ಅದನ್ನು ಶುದ್ಧಿಮಾಡಿಸಿದರೆ ಸಾಕು, ಹೊಸದು ಬೇಕಾಗುವುದು ಅಪರೂಪ.

ಈ ನಿರ್ವಾತವನ್ನು ಅಳೆಯುವ ಮೀಟರೊಂದುಂಟು. ಆರೋಗ್ಯವಾದ ಇಂಜಿನಿನಲ್ಲಿ ಅದರ ಮುಳ್ಳು ೧೭ರಿಂದ ೨೧ ಅಂಗುಲ ಪಾದರಸದ ನಡುವೆ ಸ್ಥಿರವಾಗಿ ನಿಲ್ಲಬೇಕೆಂದು ಕೈಪಿಡಿಗಳು ಹೇಳುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಎತ್ತರ ೧೦೦೦ ಅಡಿ ಹೆಚ್ಚಿದಂತೆ ಸುಮಾರು ಒಂದಂಗುಲ ಕಡಮೆಯಾಗುತ್ತದೆ. ಬೆಂಗಳೂರು ಇರುವುದು ಸುಮಾರು ೩೦೦೦ ಅಡಿಯ ಮೇಲೆ, ಮೈಸೂರು ಸುಮಾರು ೨೫೦೦ ಅಡಿಯ ಮೇಲೆ. ಮಂಗಳೂರಿನಲ್ಲಿ ೧೮ ತೋರುವ ನಿರ್ದೋಷಿ ಇಂಜಿನು ಬೆಂಗಳೂರಿನಲ್ಲಿ ೧೫ ತೋರುವುದು ಸಹಜ. ಪರದೇಶದ ಪುಸ್ತಕವನ್ನು ಅಕ್ಷರಶಃ ನಂಬಿದವನು ಆ ಇಂಜಿನನ್ನು ಬಿಚ್ಚಲು ಹೇಳಿಯಾನು. ಅಂಕಿಗಿಂತ ಮುಳ್ಳಿನ ಚಲನೆಯೇ ಇಲ್ಲಿ ಮುಖ್ಯ: ಅದು ಕ್ರಮವಾಗಿ ಕೆಳಕ್ಕೆ ಜಿಗಿಯುತ್ತಿದ್ದರೆ ವಾಲ್ವನ್ನು ಸಂಶಯಿಸಬೇಕು.

ಈಗ ಎಲ್ಲಕ್ಕಿಂತ ಗುರುತರವಾದ ವಿಷಯಕ್ಕೆ ಬರುತ್ತೇವೆ. ಇದೇ ನಿರ್ವಾತದಿಂದ ಬಲ ಪಡೆಯುವ ಇನ್ನೊಂದು ಅಂಗವಿದೆ: ಬ್ರೇಕ್ ಬೂಸ್ಟರು. ಪೆಡಲಿನ ಮೇಲೆ ನಾವು ಇಡುವ ಅಲ್ಪ ಬಲವನ್ನು ಹೆಚ್ಚಿಸಿಕೊಡುವುದು ಅದು. ಅದರ ಪೊರೆ ಹರಿದರೆ ಅಥವಾ ಕೊಳವೆ ಸೋರಿದರೆ ಇಂಜಿನು ನಡುಗುತ್ತದೆ, ಬ್ರೇಕೂ ಗಡುಸಾಗುತ್ತದೆ. ನಮ್ಮ ಪರಿಚಿತರೊಬ್ಬರ ಗಾಡಿಗೆ ನಡುಕವೆಂದು ಪ್ಲಗ್ಗು, ಕಾಯಿಲು, ಮೌಂಟುಗಳನ್ನೆಲ್ಲ ಒಂದೇ ದಿನ ಬದಲಾಯಿಸಲಾಯಿತು. ನಡುಕ ಹಾಗೆಯೇ ಉಳಿಯಿತು. ಬ್ರೇಕನ್ನು ಈಚೆಗೆ ಹೆಚ್ಚು ಬಲವಾಗಿ ಒತ್ತಬೇಕಾಗಿದೆಯೆಂಬುದು ಅವರಿಗೆ ಗೊತ್ತಿತ್ತು. ಆದರೆ ಅದು ಬೇರೆ ಸಂಗತಿಯೆಂದು ತಿಳಿದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸೋರುತ್ತಿದ್ದುದು ಬೂಸ್ಟರಿನ ಕೊಳವೆ. ಆ ಸ್ಥಿತಿಯಲ್ಲಿ ಅವರು ಮನೆಮಂದಿಯನ್ನು ಕೂರಿಸಿಕೊಂಡು ಒಂದು ಘಟ್ಟವನ್ನು ಇಳಿದು ಬಂದಿದ್ದರು.

ಇದರ ಪರೀಕ್ಷೆ ಅತಿ ಸುಲಭ. ಇಂಜಿನನ್ನು ನಿಲ್ಲಿಸಿ, ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ಒತ್ತಿ. ಆಮೇಲೆ ಕಾಲನ್ನು ಅದರ ಮೇಲೆ ಒತ್ತಿಹಿಡಿದೇ ಇಂಜಿನನ್ನು ಚಾಲನೆಗೆ ತನ್ನಿ. ಪೆಡಲು ಕಾಲಡಿಯಲ್ಲಿ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ಬೂಸ್ಟರಿಗೆ ಬಲ ಬರುತ್ತಿಲ್ಲ. ನಿಂತ ಗಾಡಿಯಲ್ಲಿ ಬ್ರೇಕನ್ನು ಒತ್ತಿದಾಗಲೆಲ್ಲ ನಡುಕ ಸ್ಪಷ್ಟವಾಗಿ ಮಾರ್ಪಟ್ಟರೆ, ಅಥವಾ ಪೆಡಲಿನ ಬಳಿ ಸುಯ್ಯೆಂಬ ಸದ್ದು ಎಡೆಬಿಡದೆ ಕೇಳಿದರೆ, ಸಂಶಯ ಬಲಪಡುತ್ತದೆ. ಆ ಗಾಡಿಯನ್ನು ವರ್ಕ್‌ಷಾಪಿಗೆ ಓಡಿಸಿಕೊಂಡು ಹೋಗಬಾರದು. ಎಳೆಸುವ ವಾಹನವನ್ನು ಕರೆಯಿಸಬೇಕು.

ನಿಲ್ಲಿಸಲೇಬೇಕಾದ ಇನ್ನೊಂದು ಸಂದರ್ಭವುಂಟು. ಮುಂಭಾಗದ ಹಲಗೆಯಲ್ಲಿ ಇಂಜಿನಿನ ಆಕಾರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಬಹುದು. ಅದು ಮಿಟುಕುತ್ತಿದ್ದರೆ ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರುತ್ತಿದೆಯೆಂದು ಅರ್ಥ. ಅಲ್ಲಿ ಅದು ಉರಿದು, ಜೇನುಗೂಡಿನಂಥ ಒಳಭಾಗ ಕರಗಿಹೋಗಬಹುದು. ಒಂದು ಪ್ಲಗ್ಗಿನಿಂದ ತೀರುತ್ತಿದ್ದ ಖರ್ಚು ಆಗ ಅದರ ಅನೇಕ ಪಟ್ಟಾಗುತ್ತದೆ.

ಕಿಡಿ, ಗಾಳಿ, ಪೆಟ್ರೋಲು ಮೂರೂ ಸರಿಯಿದ್ದು ಒಂದೇ ಸಿಲಿಂಡರು ಸುಮ್ಮನಿರುವ ಪಕ್ಷದಲ್ಲಿ ಉಳಿಯುವುದು ಒತ್ತಡ. ವಾಲ್ವು ಸುಟ್ಟಿರಬಹುದು, ಪಿಸ್ಟನ್ನಿನ ಉಂಗುರ ಸವೆದಿರಬಹುದು, ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು. ಕೊನೆಯದಾದರೆ ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಮೆಯಾಗುವುದೂ ಉಂಟು. ಇಲ್ಲಿ ಇಂಜಿನನ್ನು ಬಿಚ್ಚುವ ಮಾತು ಬರುತ್ತದೆ. ಅದಕ್ಕೆ ಒಪ್ಪುವ ಮೊದಲು ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆಯಿಸಿ, ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರು ಹತ್ತಿರ ಹತ್ತಿರವಿದ್ದು ಒಂದು ಬಹಳ ಕೆಳಗಿದ್ದರೆ ಬಿಚ್ಚಲೇಬೇಕು. ನಾಲ್ಕೂ ಸಮನಾಗಿದ್ದರೆ ಗಾಡಿಯನ್ನು ಹಾಗೆಯೇ ಮನೆಗೆ ತಂದು, ಇನ್ನೊಬ್ಬರಿಗೆ ತೋರಿಸುವಾಗ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.