ಮುಟ್ಟಬಾರದ ಹಳಿ



ನಮ್ಮ ಚರಿತ್ರೆಯ ಪಠ್ಯಪುಸ್ತಕಗಳು ಗೋಖಲೆಯವರ ಪಂಗಡವನ್ನು ‘ಮಂದಗಾಮಿಗಳು’ ಎಂದು ಕರೆದುವು. ಮೆಲ್ಲನೆ ನಡೆಯುವವರು ಎಂಬುದಷ್ಟೇ ಶಬ್ದಾರ್ಥ; ಆದರೆ ಮಂದಬುದ್ಧಿ, ಮಂದದೃಷ್ಟಿ, ಮಂದಾಗ್ನಿಗಳೆಲ್ಲ ಆ ಹೆಸರಿಗೆ ನೆಂಟರಾಗಿ ಅಂಟಿಕೊಂಡುವು. ಎರಡೂ ಕಡೆಯ ಮಾತನ್ನು ಕೇಳುವವನಿಗೆ ಕೆಚ್ಚು ಸಾಲದೆಂಬ ಅಪವಾದ ಯಾವ ದೇಶದಲ್ಲಿಯೂ ತಪ್ಪಿದ್ದಲ್ಲ. ನಾನು ಸ್ವಭಾವದಿಂದ ಮಂದಗಾಮಿ. ಆದುದರಿಂದ ಅಮೆರಿಕದ ರಾಜಕೀಯವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಇಂದಿನ ಗದ್ದಲವನ್ನು ಬದಿಗಿರಿಸಿ, ಅಲ್ಲಿನ ಮಂದಗಾಮಿಗಳು ಒಮ್ಮೆ ಗೆದ್ದ ಪ್ರಸಂಗವೊಂದನ್ನು ಆರಿಸಿಕೊಂಡೆ. ಅದು 1983ರ ಪಿಂಚಣಿಯ ಕಥೆ. ನಾನೂ ನಿವೃತ್ತಿವೇತನದಲ್ಲಿ ಬದುಕುವವನಾದ್ದರಿಂದ, ಈ ಆಯ್ಕೆಯಲ್ಲಿ ಕೊಂಚ ಸ್ವಾರ್ಥವೂ ಇದೆಯೆನ್ನಿ.

ಅಮೆರಿಕದ ಸಾಮಾಜಿಕ ಭದ್ರತೆಯ ಕಾನೂನಿಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು 1935ರ ಆಗಸ್ಟ್ 14ರಂದು. ಮೊದಲ ಮಾಸಿಕ ಚೆಕ್ಕು 1940ರಲ್ಲಿ ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಎಂಬಾಕೆಗೆ ಹೋಯಿತು; ಮೊತ್ತ 22 ಡಾಲರ್ 54 ಸೆಂಟ್. ಅಲ್ಲಿಯವರೆಗೆ ಆಕೆ ಕಟ್ಟಿದ್ದ ತೆರಿಗೆ ಒಟ್ಟು 24 ಡಾಲರ್ 75 ಸೆಂಟ್ ಮಾತ್ರ. ಆ ತಾಯಿ ನೂರು ವರ್ಷ ಬಾಳಿದರು. ಇಪ್ಪತ್ತೆರಡು ಸಾವಿರ ಡಾಲರಿಗೂ ಮಿಕ್ಕಿ ಪಡೆದರು. ಲೆಕ್ಕದ ಗುಟ್ಟು ಇಲ್ಲಿದೆ: ಇಲ್ಲಿ ಪ್ರತಿಯೊಬ್ಬನ ಹಣವೂ ಅವನ ಹೆಸರಿನ ಪೆಟ್ಟಿಗೆಯಲ್ಲಿ ಕೂಡಿಬೀಳುವುದಿಲ್ಲ. ಇಂದು ದುಡಿಯುವವರು ಕಟ್ಟಿದ್ದು ಇಂದಿನ ವೃದ್ಧರ ಕೈಗೆ ಹರಿಯುತ್ತದೆ. 1950ರಲ್ಲಿ ಒಬ್ಬ ಫಲಾನುಭವಿಯ ಹಿಂದೆ ಹದಿನಾರು ಮಂದಿ ದುಡಿಯುತ್ತಿದ್ದರು. ಈಗ ಮೂವರೂ ಇಲ್ಲ.

1981ರಲ್ಲಿ ನಿಧಿ ಬತ್ತತೊಡಗಿತ್ತು. ಅವಧಿಗೆ ಮೊದಲೇ ನಿವೃತ್ತರಾಗುವವರ ವೇತನವನ್ನು ಕತ್ತರಿಸಬೇಕೆಂದು ಅಧ್ಯಕ್ಷ ರೇಗನ್ನರ ಸರ್ಕಾರ ಸೂಚಿಸಿತು. ಸೆನೆಟ್ ಅದರ ವಿರುದ್ಧ 96 ಮತಗಳ ನಿರ್ಣಯ ಮಾಡಿತು, ಪರವಾಗಿ ಒಂದು ಮತವೂ ಇಲ್ಲ. ಅಲ್ಲಿನ ರಾಜಕಾರಣಿಗಳು ಈ ಪಿಂಚಣಿಯನ್ನು ‘ಮೂರನೆಯ ಹಳಿ’ ಎನ್ನುತ್ತಾರೆ. ನೆಲದಡಿಯ ರೈಲಿಗೆ ವಿದ್ಯುತ್ತನ್ನು ಹರಿಸುವ ಹಳಿ ಅದು, ಮುಟ್ಟಿದವನು ಉಳಿಯುವುದಿಲ್ಲ. ರೇಗನ್ ಕೈ ಹಿಂದೆಗೆದುಕೊಂಡು ಹದಿನೈದು ಮಂದಿಯ ಆಯೋಗವೊಂದನ್ನು ನೇಮಿಸಿದರು. ಐವರನ್ನು ಅವರೂ, ಐವರನ್ನು ಸೆನೆಟ್ಟಿನ ಬಹುಮತದ ನಾಯಕರೂ, ಐವರನ್ನು ವಿರೋಧ ಪಕ್ಷಕ್ಕೆ ಸೇರಿದ್ದ ಪ್ರತಿನಿಧಿ ಸಭೆಯ ಅಧ್ಯಕ್ಷ ಟಿಪ್ ಓನೀಲ್ ಅವರೂ ಆರಿಸಿದರು. ಅಲನ್ ಗ್ರೀನ್‌ಸ್ಪ್ಯಾನ್ ಮುಖ್ಯಸ್ಥರು. 1982 ಮುಗಿಯಿತು, ಒಮ್ಮತ ಮೂಡಲಿಲ್ಲ. ಕೆಲವೇ ತಿಂಗಳು ಕಳೆದರೆ ಮೂರೂವರೆ ಕೋಟಿ ಜನರ ಚೆಕ್ಕುಗಳನ್ನು ಪೂರ್ತಿಯಾಗಿ ಬರೆಯಲು ಹಣವಿರಲಿಲ್ಲ.

ಆಗ ಜನವರಿಯ ಮೊದಲ ವಾರದಲ್ಲಿ, ರಿಪಬ್ಲಿಕನ್ ಪಕ್ಷದ ಬಾಬ್ ಡೋಲ್ ಮತ್ತು ಡೆಮೊಕ್ರಾಟ್ ಪಕ್ಷದ ಮೊಯ್ನಿಹಾನ್ ಸೆನೆಟ್ ಸಭಾಂಗಣದಲ್ಲಿ ಮಾತನಾಡಿಕೊಂಡು, ಇನ್ನೊಮ್ಮೆ ಯತ್ನಿಸೋಣವೆಂದು ನಿಶ್ಚಯಿಸಿದರು. ಮೊಯ್ನಿಹಾನ್ ದಿಲ್ಲಿಯಲ್ಲಿ ರಾಯಭಾರಿಯಾಗಿದ್ದವರು. ಹಿರಿಯ ಶ್ರೋತೃಗಳಿಗೆ ನೆನಪಿರಬಹುದು. ಕೆಲವೇ ಜನ, ಬಾಗಿಲು ಮುಚ್ಚಿ, ಎರಡು ವಾರದೊಳಗೆ ಒಪ್ಪಂದವನ್ನು ಕುದುರಿಸಿದರು. ತೆರಿಗೆಯ ಏರಿಕೆಯನ್ನು ಮುಂಚಿತವಾಗಿಯೇ ಜಾರಿಗೆ ತರುವುದು ರಿಪಬ್ಲಿಕನ್ನರಿಗೆ ಕಹಿ. ಬೆಲೆಯೇರಿಕೆಗೆ ತಕ್ಕ ಭತ್ಯವನ್ನು ಆರು ತಿಂಗಳು ಮುಂದೂಡುವುದು ಡೆಮೊಕ್ರಾಟರಿಗೆ ಕಹಿ. ಹೆಚ್ಚಿನ ಆದಾಯದವರ ಪಿಂಚಣಿಯ ಅರ್ಧದವರೆಗೆ ತೆರಿಗೆ ಬಂತು. ಮುಂದೆ ಕಾನೂನಾದಾಗ ಸಂಸತ್ತಿನ ಸದಸ್ಯರೂ ಸ್ವತಃ ಅಧ್ಯಕ್ಷರೂ ಈ ತೆರಿಗೆಯ ವ್ಯಾಪ್ತಿಗೆ ಬಂದರು. ಈ ಕೊನೆಯ ಅಂಶ ನನಗೆ ಬಹಳ ಹಿಡಿಸಿದೆ.

ಆದರೆ ಒಪ್ಪಂದದಲ್ಲಿಲ್ಲದ ಒಂದು ಅಂಶವನ್ನು ಪ್ರತಿನಿಧಿ ಸಭೆ 228–202 ಮತಗಳಿಂದ ಸೇರಿಸಿತು. ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸುವುದು. ಒಮ್ಮೆಗೇ ಅಲ್ಲ, ಹೆಜ್ಜೆಹೆಜ್ಜೆಯಾಗಿ. 1960ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆ ಪೂರ್ಣ ಎರಡು ವರ್ಷ. ಅಂದರೆ 1983ರಲ್ಲಿ ಇಪ್ಪತ್ತಮೂರರ ತರುಣನೊಬ್ಬನಿಗೆ ಹಾಕಿದ ಹೊರೆ ಅವನ ಹೆಗಲಿಗೆ ಪೂರ್ತಿಯಾಗಿ ಇಳಿಯುವುದು 2027ರಲ್ಲಿ! ಇದು ದೂರದೃಷ್ಟಿಯೋ ಜಾಣತನವೋ? ಎರಡೂ ಎಂದು ನನಗೆ ತೋರುತ್ತದೆ. ಜನರಿಗೆ ಸಿದ್ಧತೆಗೆ ಕಾಲ ಸಿಕ್ಕಿತು, ನಿಜ. ಆದರೆ ಅಂದು ಮತ ಹಾಕಿ ಸೇಡು ತೀರಿಸಬಲ್ಲ ಮುದುಕರನ್ನು ಮುಟ್ಟದೆ, ಮುಪ್ಪಿನ ಯೋಚನೆಯೇ ಇಲ್ಲದ ಹುಡುಗರ ಮೇಲೆ ಭಾರ ಹೊರಿಸಿದ್ದೂ ನಿಜ. ಮೇಜಿನ ಮುಂದೆ ಕುಳಿತ ಗುಮಾಸ್ತನ ಅರವತ್ತೇಳೂ ಗಣಿಯಲ್ಲಿ ಬೆನ್ನು ಬಾಗಿಸಿದವನ ಅರವತ್ತೇಳೂ ಒಂದೇ ಅಲ್ಲ. ಈ ಮಾತು ನಮಗೆ ಹೊರಗಿನದೇನೂ ಅಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಹೊಸ ಪಿಂಚಣಿ ಪದ್ಧತಿ ಬಂದಾಗ ನನ್ನ ಪಿಂಚಣಿಯನ್ನು ಯಾರೂ ಮುಟ್ಟಲಿಲ್ಲ. ಅನಂತರ ಉಪನ್ಯಾಸಕರಾದ ನನ್ನ ಶಿಷ್ಯರಿಗೆ ಅದು ದೊರೆಯಲಿಲ್ಲ.

1983ರ ಏಪ್ರಿಲ್ 20ರಂದು ರೇಗನ್ ಸಹಿ ಹಾಕಿದ ಆ ಕಾನೂನು ಐವತ್ತು ವರ್ಷಗಳ ಉಸಿರು ತಂದಿತು. ಆ ಉಸಿರು ಮುಗಿಯುತ್ತ ಬಂದಿದೆ. 2025ರ ಅಧಿಕೃತ ವರದಿಯ ಪ್ರಕಾರ ವೃದ್ಧರ ನಿಧಿ 2033ರಲ್ಲಿ ಬರಿದಾಗುತ್ತದೆ. ಅನಂತರ ಬರುವ ತೆರಿಗೆಯಿಂದ ನೂರಕ್ಕೆ 77ರಷ್ಟನ್ನು ಮಾತ್ರ ಕೊಡಬಹುದು. ಆದರೂ 2024ರ ಚುನಾವಣೆಯಲ್ಲಿ ಎರಡೂ ಪಕ್ಷಗಳು ಹಳಿಯನ್ನು ಮುಟ್ಟುವುದಿಲ್ಲವೆಂದೇ ಆಣೆಯಿಟ್ಟುವು. 2010ರಲ್ಲಿ ಸಿಂಪ್ಸನ್–ಬೌಲ್ಸ್ ಆಯೋಗ ದೇಶದ ಸಾಲವನ್ನೂ ಪಿಂಚಣಿಯನ್ನೂ ಒಟ್ಟಿಗೆ ನೋಡಿತು. ಹದಿನೆಂಟರಲ್ಲಿ ಹದಿನಾಲ್ಕು ಮತ ಬೇಕಿತ್ತು, ಹನ್ನೊಂದು ಬಂದುವು.

ಕಾರಣವೇನು? ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ನಾಯಕರಲ್ಲ, ಮೊದಲ ಸುತ್ತಿನ ಚುನಾವಣೆಯಲ್ಲಿ ಜನರೇ ಆರಿಸುತ್ತಾರೆ. ಕೇಳಲು ಸೊಗಸು. ಆದರೆ ಆ ಸುತ್ತಿಗೆ ಬರುವವರು ಕೆಲವರೇ, ಹೆಚ್ಚಿನವರು ಕಡುನಿಷ್ಠರು. ಎದುರು ಪಕ್ಷದವನೊಡನೆ ಕೈ ಕುಲುಕಿದವನು ಅಲ್ಲಿಯೇ ಸೋಲುತ್ತಾನೆ. ಈ ಪದ್ಧತಿ 1983ರಲ್ಲಿಯೂ ಇತ್ತು. ಆಗ ಎರಡೂ ಪಕ್ಷಗಳೊಳಗೆ ಉದಾರಿಗಳೂ ಸಂಪ್ರದಾಯಶೀಲರೂ ಬೆರೆತಿದ್ದರು, ಈಗ ಬೇರೆಬೇರೆಯಾಗಿದ್ದಾರೆ.

ಈ ನಿಧಿಗೆ ನಮ್ಮ ಹುಡುಗರ ಹಣವೂ ಸಂದಿದೆ. ಕೆಲಸದ ವೀಸಾದ ಮೇಲೆ ಅಲ್ಲಿಗೆ ಹೋದ ಇಂಜಿನಿಯರುಗಳ ಸಂಬಳದಿಂದ ನೂರಕ್ಕೆ 6.2ರಂತೆ ಮುರಿಯುತ್ತಾರೆ, ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಸುಮಾರು ಹತ್ತು ವರ್ಷ ದುಡಿಯದೆ ಹಿಂತಿರುಗಿದರೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. ಇದನ್ನು ಸರಿಪಡಿಸುವ ಒಪ್ಪಂದ ಅನೇಕ ದೇಶಗಳೊಡನೆ ಆಗಿದೆ. ಭಾರತದೊಡನೆ 2025ರವರೆಗೂ ಆಗಿರಲಿಲ್ಲ.

ನನ್ನನ್ನು ಕೇಳಿದರೆ, 67ನ್ನು ಇನ್ನು ಏರಿಸಬಾರದು. 2025ರಲ್ಲಿ ವಾರ್ಷಿಕ 1,76,100 ಡಾಲರಿಗಿಂತ ಮೇಲಿನ ಸಂಬಳಕ್ಕೆ ಈ ತೆರಿಗೆಯೇ ಇರಲಿಲ್ಲ. ಆ ಮಿತಿಯನ್ನು ಎತ್ತರಿಸಬೇಕು. ಜೊತೆಗೆ ಸಿರಿವಂತ ವೃದ್ಧರ ಭತ್ಯದ ಏರಿಕೆಯನ್ನು ತಗ್ಗಿಸಬೇಕು. ಮೊದಲನೆಯದನ್ನು ಒಂದು ಪಕ್ಷ ಒಪ್ಪದು, ಎರಡನೆಯದನ್ನು ಇನ್ನೊಂದು ಒಪ್ಪದು. 1982ರ ಡಿಸೆಂಬರಿನಲ್ಲಿಯೂ ಯಾರೂ ಏನನ್ನೂ ಒಪ್ಪಿರಲಿಲ್ಲ.