ನೀರಿನ ಸರಪಳಿಯ ಕೊನೆಯ ಕೊಂಡಿ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಈ ಸಭೆಯಲ್ಲಿ ರಾಯಚೂರಿನ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಮ್ಮ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿಯ ಅಣೆಕಟ್ಟಿನಲ್ಲಿ ತಂಗುತ್ತಾರೆ. ಅಲ್ಲಿಂದ 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯಲ್ಲಿ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ಆ ನೀರು ರಾಯಚೂರು ತಾಲ್ಲೂಕನ್ನು ಮುಟ್ಟಬೇಕು. ವ್ಯಾಪಾರದವರು ಪೂರೈಕೆ ಸರಪಳಿ ಎನ್ನುವುದು ಇಂಥ ವ್ಯವಸ್ಥೆಗೇ. ಇದರ ಪ್ರತಿಯೊಂದು ಕೊಂಡಿಯಲ್ಲಿಯೂ ನಿರ್ಧಾರ ಕೈಗೊಳ್ಳುವ ಮನುಷ್ಯನಿದ್ದಾನೆ. ಕೊನೆಯ ಹೊಲಕ್ಕೆ ನೀರು ತಲುಪದಿದ್ದಾಗ ಮಳೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ.

1953ರಲ್ಲಿ ಬಳಕೆಗೆ ಬಂದ ಈ ಯೋಜನೆಯಲ್ಲಿ ಎಡದಂಡೆಯ ಉದ್ದೇಶ ಬರದಿಂದ ರಕ್ಷಣೆ. ಇದ್ದ ನೀರನ್ನು ವಿಶಾಲ ಪ್ರದೇಶಕ್ಕೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳನ್ನು ಉಳಿಸಬೇಕೆಂದು ಯೋಜಕರು ಬಗೆದಿದ್ದರು. ಭತ್ತಕ್ಕೆ ಸಣ್ಣ ಪಾಲು ಮಾತ್ರ. ನಾಲೆಯ ಮೇಲ್ಭಾಗದ ರೈತ ಭತ್ತವನ್ನೇ ಆರಿಸಿಕೊಂಡ. ಅದು ಅವಿವೇಕವಲ್ಲ: ಭತ್ತಕ್ಕೆ ಹತ್ತಿರದಲ್ಲೇ ಗಿರಣಿಯಿದೆ, ಸಾಲ ಹುಟ್ಟುತ್ತದೆ, ಮಾರಾಟ ಖಚಿತ. ಮಾನ್ವಿಯ ಕೊನೆಯ ಭಾಗದ ರೈತನಾದರೋ ಸರದಿಯ ಪ್ರಕಟಣೆಯನ್ನು ನಂಬಲಾರ. ನೀರು ಬಂದ ದಿನ, ಮತ್ತೆ ಬಾರದೆಂಬ ಅಂಜಿಕೆಯಿಂದ ಎರೆಭೂಮಿಗೆ ಬೇಕಾದುದಕ್ಕಿಂತ ಹೆಚ್ಚು ಹಾಯಿಸುತ್ತಾನೆ. ಅವನ ಕೆಳಗಿನವನಿಗೆ ಅಷ್ಟೂ ಕಡಿಮೆಯಾಗುತ್ತದೆ.

ಅಮೆರಿಕದ ಜೇ ಫಾರೆಸ್ಟರ್ 1961ರ ತಮ್ಮ ಗ್ರಂಥದಲ್ಲಿ ಅಂಗಡಿಯಿಂದ ಕಾರ್ಖಾನೆಯವರೆಗಿನ ಸರಪಳಿಯನ್ನು ವಿಶ್ಲೇಷಿಸಿದರು. ಬೇಡಿಕೆಯ ಸಣ್ಣ ಏರಿಳಿತವೂ ಕೊಂಡಿಯಿಂದ ಕೊಂಡಿಗೆ ಹಿಗ್ಗುತ್ತ ಹೋಗುತ್ತದೆ. ಮಾಹಿತಿ ತಡವಾಗಿ ಬರುವುದು, ಪ್ರತಿಯೊಬ್ಬನೂ ತನ್ನ ಪಕ್ಕದ ಕೊಂಡಿಯನ್ನಷ್ಟೇ ಕಾಣುವುದು ಇದಕ್ಕೆ ಕಾರಣ. ನಾಲೆಯಲ್ಲಿ ಹಿಗ್ಗುವುದು ಕೊರತೆ ಮತ್ತು ಅಂಜಿಕೆ. ಜೊತೆಗೆ ಇಲ್ಲಿ ಬಲಾಬಲದ ಪ್ರಶ್ನೆಯೂ ಇದೆ. ಇದೇ ನಾಲೆಯನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಡಚ್ ಸಂಶೋಧಕ ಪೀಟರ್ ಮೊಲ್ಲಿಂಗ ನೀರು ಹಂಚಿಕೆಯನ್ನು ಅಧಿಕಾರ ಸಂಬಂಧವಾಗಿಯೇ ಕಂಡರು.

ದೇವದುರ್ಗಕ್ಕೆ ನೀರುಣಿಸುವುದು ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆ. ನದಿ ಬೇರೆಯಾದರೂ ಕೊನೆಯ ತೂಬಿನ ಬಳಿ ಕಾಯುವವನ ಪಾಡು ಬೇರೆಯಲ್ಲ. ರಾಯಚೂರು ನಗರದ ಕುಡಿಯುವ ನೀರಿನ ಒಂದು ಪಾಲು ಕೂಡ ತುಂಗಭದ್ರೆಯ ಈ ನಾಲೆಯನ್ನೇ ನೆಚ್ಚಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಾಡೆಲ್ಲ ಬೆಚ್ಚಿತು. ವರ್ಷವರ್ಷವೂ ತುಂಡಾಗುವ ಈ ಇನ್ನೊಂದು ಸರಪಳಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಇನ್ನು ನಮ್ಮ ಪಾಲು. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. ಆ ಹೂಳೆಲ್ಲ ಮಲೆನಾಡಿನದಲ್ಲ. ಆದರೆ ನಮ್ಮದೂ ಅದರಲ್ಲಿದೆ. ಭದ್ರೆಯ ಜಲಾನಯನದ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗಾಗಿ ಹೋರಾಡಿದವರು ಅರಿಯದೆಯೇ ಮಾನ್ವಿಯ ರೈತನಿಗೂ ನೆರವಾದರು. ಇಂದು ಗುಡ್ಡ ಬಗೆದು ರಸ್ತೆ, ರೆಸಾರ್ಟು ಮಾಡುವ ಪ್ರತಿ ನಿರ್ಧಾರವೂ ಅದೇ ರೈತನ ಪಾಲನ್ನು ಕಡಿಮೆ ಮಾಡುತ್ತದೆ.

ಆದ್ದರಿಂದ ನನ್ನ ಸೂಚನೆ ಮೂರು. ಪ್ರತಿ ವಿತರಣಾ ಕಾಲುವೆಯ ಬಾಯಿಯಲ್ಲಿ ಹರಿಯುವ ನೀರಿನ ಅಳತೆ ದಿನವೂ ಎಲ್ಲರಿಗೂ ತಿಳಿಯಲಿ. ಕಾಣುವ ಲೆಕ್ಕವು ಅಂಜಿಕೆಯನ್ನು ತಗ್ಗಿಸುತ್ತದೆ. ಜೋಳ, ತೊಗರಿಗಳಿಗೂ ಭತ್ತದಷ್ಟೇ ಖಚಿತವಾದ ಖರೀದಿ ಇರಲಿ. ಅದಿಲ್ಲದೆ ಮೇಲ್ಭಾಗದವನಿಗೆ ಉಪದೇಶ ಮಾಡುವುದು ಸಲ್ಲದು. ಮೂರನೆಯದು ನಮಗೆ: ಇಳಿಜಾರಿನ ಮಣ್ಣನ್ನು ತೆರೆಯುವ ಮುನ್ನ ಮಾನ್ವಿಯ ಆ ಕೊನೆಯ ತೂಬನ್ನು ನೆನೆಯೋಣ.