ಸೈಕಲ್ಲಿಗೊಂದು ಹಸಿಬೆ: ಮನೆಯ ಹೊಲಿಗೆ, ಊರಿನ ಸ್ವಾವಲಂಬನೆ

(ಉಪನ್ಯಾಸದ ಪಾಠ)



ಸೈಕಲ್ಲು ಹೊಗೆಯುಗುಳದ ವಾಹನವೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಹೊರೆ ಹೊರಲಾರದ ಸೈಕಲ್ಲು ಬಹುಬೇಗ ಗೋಡೆಗೆ ಒರಗುತ್ತದೆ. ಐದು ಕಿಲೋ ಜೋಳ ಬೀಸಿಸಿಕೊಂಡು ಬರಬೇಕು, ಪಡಿತರ ತರಬೇಕು, ಪುಸ್ತಕದ ಚೀಲ ಒಯ್ಯಬೇಕು ಎಂದಾಗ ಜನ ಮೋಟಾರು ಬೈಕಿನತ್ತ ತಿರುಗುತ್ತಾರೆ. ಆದ್ದರಿಂದ ಸೈಕಲ್ಲಿನ ಚೀಲದ ಪ್ರಶ್ನೆ ಕ್ಷುಲ್ಲಕವಲ್ಲ. ಸೈಕಲ್ಲು ಬಳಕೆಯಲ್ಲಿ ಉಳಿಯುವುದೇ ಅಳಿಯುವುದೇ ಎಂಬುದು ಅದರಲ್ಲಿ ಅಡಗಿದೆ.

ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ತೊಗರಿ, ಉದ್ದು, ಸೋಯಾ ಬೆಳೆಯುವ ಈ ಸೀಮೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವ ವಿದ್ಯೆ ಹೆಂಗಸರ ಕೈಯಲ್ಲಿ ಬೆಳೆದು ಬಂದಿದೆ. ಗಡಿಯ ಮರಾಠಿ ಮನೆಗಳಲ್ಲಿ ಇದಕ್ಕೆ ಗೋಧಡಿ ಎಂದು ಹೆಸರು. ಇನ್ನು ಹಸಿಬೆ ಚೀಲ: ಎರಡು ಕಡೆ ಹೊಟ್ಟೆಯಿದ್ದು ನಡುವೆ ಹೆಗಲಿಗೆ ಇಳಿಬೀಳುವ ಜೋಡು ಚೀಲ. ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಎರಡೂ ಮಗ್ಗುಲಿಗೆ ಸಮತೂಕದ ಗೋಣಿಗಳನ್ನು ಹೇರಿ ಉಪ್ಪು, ಧಾನ್ಯಗಳನ್ನು ದೂರದೂರಕ್ಕೆ ಸಾಗಿಸಿದ್ದೂ ಇದೇ ತತ್ತ್ವದಿಂದ. ಪರದೇಶದ ಸೈಕಲ್ ಸವಾರರು ದುಬಾರಿ ಬೆಲೆ ತೆತ್ತು ಕೊಳ್ಳುವ ಜೋಡು ಚೀಲ ಈ ಹಸಿಬೆಯ ಬಂಧುವೇ ಸರಿ.

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತು. ದೂರದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಆಸರೆಯಾಯಿತು. ಕೋವಿಡ್ ಹಾವಳಿಯ ನಂತರದ ವರ್ಷಗಳಲ್ಲಿ ಆ ವಿತರಣೆ ನಿಂತುಹೋಯಿತು. ಹೀಗಿರುವಾಗ ಮನೆಯಲ್ಲಿರುವ ಹಳೆಯ ಸೈಕಲ್ಲಿನ ಮಹತ್ವ ಹೆಚ್ಚಿದೆ. ಶಾಲಾ ಚೀಲದ ಭಾರ ಮಗುವಿನ ದೇಹತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು 2019ರಲ್ಲಿ ಸರ್ಕಾರವೇ ಆದೇಶಿಸಿತು. 9 ಮತ್ತು 10ನೆಯ ತರಗತಿಗೆ 4ರಿಂದ 5 ಕಿಲೋ ಮಿತಿ. ಅಷ್ಟು ಭಾರವೂ ಬೆನ್ನ ಮೇಲಿದ್ದರೆ ಸವಾರನ ತೂಕದ ಕೇಂದ್ರ ಮೇಲೇರಿ ಸೈಕಲ್ಲು ಓಲಾಡುತ್ತದೆ, ಬೆನ್ನು ಬೆವರುತ್ತದೆ. ಹ್ಯಾಂಡಲ್ಲಿಗೆ ತೂಗಿದರಂತೂ ತಿರುವಿನಲ್ಲಿ ಚೀಲ ಬೀಸಿ ಮೊಣಕಾಲಿಗೋ ಚಕ್ರದ ಕಡ್ಡಿಗೋ ಬಡಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದು ಪ್ರಾಣಾಪಾಯದ ಮಾತು.

ಹಾಗಾದರೆ ಹಸಿಬೆಯನ್ನು ಹೊಲಿಯುವುದು ಹೇಗೆ? ಹಳೆಯ ಜೀನ್ಸ್ ಪ್ಯಾಂಟು, ಕ್ಯಾನ್ವಾಸು, ಹರಿದ ತಾಡಪಾಲಿನ ಗಟ್ಟಿ ಭಾಗ ಇವು ಉತ್ತಮ. ಕ್ಯಾರಿಯರಿನ ಅಗಲ 15 ಸೆಂ.ಮೀ. ಎಂದುಕೊಳ್ಳೋಣ. ಪ್ರತಿ ಚೀಲದ ಒಳಗೋಡೆ 30, ತಳ 12, ಹೊರಗೋಡೆ 30, ಒಟ್ಟು 72 ಸೆಂ.ಮೀ. ಎರಡು ಚೀಲಕ್ಕೆ 144, ನಡುವಿನ 15 ಸೇರಿ 159. ತುದಿಗಳ ಮಡಿಕೆಗೆ 4 ಸೇರಿಸಿ 163 ಸೆಂ.ಮೀ. ಉದ್ದ, 34 ಸೆಂ.ಮೀ. ಅಗಲದ ಒಂದೇ ಪಟ್ಟಿ ಸಾಕು. ಮಗ್ಗುಲಿಗೆ 16 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದದ ನಾಲ್ಕು ತುಂಡುಗಳು ಬೇಕು. ಮುಚ್ಚಳವನ್ನು ಕ್ಯಾರಿಯರಿನ ಅಂಚಿಗೆ ಹೊಲಿದು ಹೊರಕ್ಕೆ ಬೀಳಿಸಬೇಕು. ಆಗ ಮಳೆಯ ನೀರು ಒಳಗಿಳಿಯದೆ ಜಾರಿಹೋಗುತ್ತದೆ. ದಬ್ಬಣಕ್ಕೆ ಗಟ್ಟಿ ನೂಲು ಪೋಣಿಸಿ, ನೂಲಿಗೆ ಜೇನುಮೇಣ ಸವರಿ, ಪ್ರತಿ ಅಂಚಿಗೂ ಎರಡು ಸಾಲು ಹೊಲಿಗೆ ಹಾಕಬೇಕು. ಭಾರವೆಲ್ಲ ಬೀಳುವುದು ಕ್ಯಾರಿಯರಿನ ಅಂಚಿನಲ್ಲಿ. ಅಲ್ಲಿ ಕೌದಿಯಂತೆ ಮೂರು ಪದರ ಕೊಡಬೇಕು.

ಮೂರು ಎಚ್ಚರಿಕೆಗಳು ಅತ್ಯಗತ್ಯ. ಒಂದು, ಒಳಗೋಡೆಗೆ ಬಿದಿರಿನ ದಬ್ಬೆ ಸೇರಿಸಿ ಬಿಗಿ ಮಾಡಬೇಕು, ಕೆಳತುದಿಯನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿನ ಸರಳಿಗೆ ಕಟ್ಟಬೇಕು. ಇಲ್ಲವಾದರೆ ಚೀಲ ಕಡ್ಡಿಗಳಿಗೆ ಸಿಕ್ಕಿಬಿಡುತ್ತದೆ. ಎರಡು, ಪೆಡಲು ತುಳಿಯುವಾಗ ಹಿಮ್ಮಡಿ ತಾಗದಂತೆ ಚೀಲವನ್ನು ಹಿಂದಕ್ಕೆ ಸರಿಸಬೇಕು. ಆದರೂ ತಾಗಿದರೆ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಒಳಮಡಚಿ ಹೊಲಿಯಬೇಕು. ಮೂರು, ಹಿಂಬದಿಯ ಕೆಂಪು ಪ್ರತಿಫಲಕ ಮರೆಯಾಗಬಾರದು. ಏರಿನಲ್ಲಿ ಹಿಂದಿನ ಭಾರ ಅತಿಯಾದರೆ ಮುಂಚಕ್ರ ಹಗುರಾಗಿ ಹಿಡಿತ ತಪ್ಪುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ಸೈಕಲ್ಲು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆದ್ದರಿಂದ ಭಾರದ ವಸ್ತು ತಳದಲ್ಲಿರಲಿ, ಎರಡೂ ಕಡೆ ಸಮವಾಗಿರಲಿ.

ಪುಕ್ಕಟೆ ಸಿಗುವ ಗೊಬ್ಬರದ ಪ್ಲಾಸ್ಟಿಕ್ ಚೀಲವೇ ಸಾಲದೇ ಎಂಬ ಪ್ರಶ್ನೆ ಸಹಜ. ಪಾಲಿಪ್ರೊಪಿಲೀನ್ ಎಳೆಯ ಆ ಚೀಲ ಬಿಸಿಲಿಗೆ ಬಿರುಸಾಗಿ ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿ ಮಣ್ಣನ್ನೂ ಹೊಳೆಯನ್ನೂ ಸೇರುತ್ತದೆ. ಕೀಟನಾಶಕ ತುಂಬಿದ ಚೀಲವನ್ನಂತೂ ಅನ್ನದ ಡಬ್ಬಿ, ಪುಸ್ತಕಗಳ ಹತ್ತಿರ ಸುಳಿಯಗೊಡಬಾರದು. ಸೆಣಬಿನ ಗೋಣಿ ಮಣ್ಣಿಗೆ ಮರಳುವ ವಸ್ತು, ಆದರೆ ನೆನೆದು ಒಣಗದಿದ್ದರೆ ಕೊಳೆಯುತ್ತದೆ. ಬೀದರಿಗಿಂತ ಹಲವು ಪಟ್ಟು ಮಳೆ ಬೀಳುವ ಮಲೆನಾಡಿನಲ್ಲಿ ಗೋಣಿಯನ್ನು ಬೇಸಿಗೆಗೆ ಮೀಸಲಿಟ್ಟು, ಮಳೆಗಾಲಕ್ಕೆ ತಾಡಪಾಲು ಬಳಸುವುದು ವಿವೇಕ.

ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆದರೂ ಸಂತೆಯ ದಿನ ಅವು ಗಾಳಿಗೆ ಹಾರುತ್ತಲೇ ಇವೆ. ಕಾನೂನು ಒಂದನ್ನು ಬೇಡವೆನ್ನಬಲ್ಲದು. ಅದರ ಬದಲಿಗೆ ಬೇಕಾದುದನ್ನು ಕೈಗಳೇ ಮಾಡಬೇಕು. ಕೌದಿ ಹೊಲಿಯುವ ಅಜ್ಜಿಯ ಬಳಿ ಶಾಲೆಯ ಮಕ್ಕಳು ಕುಳಿತು ಈ ವಿದ್ಯೆ ಕಲಿತರೆ ಅದು ಯಾವ ಪಠ್ಯಕ್ಕೂ ಕಡಿಮೆಯಲ್ಲ. ಹುಡುಗರೂ ಸೂಜಿ ಹಿಡಿಯಲಿ. ಹೊಲಿಗೆ ಹೆಣ್ಣಿಗಷ್ಟೇ ಎಂಬ ಭಾವನೆ ಅಲ್ಲಿಯೇ ಸಡಿಲಗೊಳ್ಳಲಿ. ಚೀಲ ಹರಿದರೆ ತೇಪೆ ಹಾಕಲಿ. ಮುಂದಿನ ಸಂತೆಗೆ ಪ್ರತಿ ಊರಿನಿಂದ ಹಸಿಬೆ ಹೊತ್ತ ಒಂದು ಸೈಕಲ್ಲಾದರೂ ಹೊರಡಲಿ.